ತೊಟ್ಟಿಮನೆಯ ಹಳೆಯ ಮರ: ಬೀಟೆಯೋ, ಹೊನ್ನೆಯೋ, ಯಾವುದಕ್ಕೆ ಯಾವ ಪಾಲಿಶ್?

ಪಾಂಡವಪುರದ ಮೊಮ್ಮಗ:

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ತಾತನ ಕಾಲದ ತೊಟ್ಟಿಮನೆಯೊಂದಿತ್ತು. ಗೋಡೆ ಕುಸಿಯತೊಡಗಿದ್ದರಿಂದ ಈ ಬೇಸಿಗೆಯಲ್ಲಿ ಅದನ್ನು ಬಿಚ್ಚಿಸಬೇಕಾಯಿತು. ಗೆದ್ದಲು ತಿಂದು ಉಳಿದ ಮರವನ್ನು ದಾಯಾದಿಗಳೆಲ್ಲ ಹಂಚಿಕೊಂಡಾಗ ನನ್ನ ಪಾಲಿಗೆ ತಲೆಬಾಗಿಲಿನ ಎರಡು ಕದ, ನಡುಮನೆಯ ಉಯ್ಯಾಲೆಯ ಮಣೆ ಮತ್ತು ಅಟ್ಟಕ್ಕೆ ಹಾಸಿದ್ದ ಹನ್ನೊಂದು ಹಲಗೆಗಳು ಬಂದವು. ಕದಗಳನ್ನು ಮೈಸೂರಿನ ಮನೆಯ ದೇವರ ಕೋಣೆಗೆ ಕೂರಿಸಿ, ಹಲಗೆಗಳಿಂದ ಊಟದ ಮೇಜು ಮಾಡಿಸಿ, ಉಯ್ಯಾಲೆಯನ್ನು ಉಯ್ಯಾಲೆಯಾಗಿಯೇ ಮತ್ತೆ ತೂಗಿಹಾಕಬೇಕೆಂಬುದು ನಮ್ಮ ಮನೆಯವರ ಆಸೆ.

ತೊಡಕು ಹುಟ್ಟಿದ್ದು ಮರದ ಹೆಸರಿನಿಂದಲೇ. ಊರಿನ ಆಚಾರಿಯವರು ಎಲ್ಲವೂ ತೇಗವೆಂದರು. ಮೈಸೂರಿನಲ್ಲಿ ಬಂದು ನೋಡಿದ ಇನ್ನೊಬ್ಬ ಆಚಾರಿಯವರು ಕದ ಮಾತ್ರ ತೇಗ, ಮಣೆ ಬೀಟೆ, ಹಲಗೆಗಳು ಹೊನ್ನೆ ಎಂದರು. ಸಾಮಿಲ್ಲಿನಲ್ಲಿ ಕೇಳಿದರೆ ಹಲಗೆಗಳು ಮತ್ತಿ ಎಂದರು. ಇಷ್ಟರ ನಡುವೆ ನಾನು ಆತುರಪಟ್ಟು ಒಂದು ಕದವನ್ನು ಉಜ್ಜಿಸಿ, ಅಂಗಡಿಯಲ್ಲಿ ಕೊಟ್ಟ ವಾರ್ನಿಷನ್ನು ಎರಡು ಕೋಟು ಹೊಡೆಸಿದೆ. ಮೇ ತಿಂಗಳ ಬಿಸಿಲಿನಲ್ಲಿಯೂ ಹನ್ನೆರಡು ದಿನ ಕಳೆದರೂ ಅದು ಒಣಗಿಲ್ಲ. ಬೆರಳಿಟ್ಟರೆ ಬೆರಳಚ್ಚು ಮೂಡುತ್ತದೆ, ಬೀದಿಯ ದೂಳೆಲ್ಲ ಅದಕ್ಕೇ ಅಂಟಿದೆ.

ಮಣೆಯ ಕತೆ ಬೇರೆ. ಅದು 5 ಅಡಿ ಉದ್ದ, 18 ಅಂಗುಲ ಅಗಲ, 2 ಅಂಗುಲ ದಪ್ಪವಿದ್ದು, ಅಂಚಿನುದ್ದಕ್ಕೂ ಕಡ್ಡಿಯಷ್ಟು ಅಗಲದ ಬಿಳಿ ಮರದ ಪಟ್ಟಿಯನ್ನು ಕೂರಿಸಿದ್ದಾರೆ. ಹತ್ತರಿ ಹೊಡೆಯಲು ಹೋದರೆ ಒಂದು ಕಡೆ ನುಣ್ಣಗೆ ಬಂದು, ಎರಡು ಬೆರಳು ಪಕ್ಕದಲ್ಲಿ ನಾರು ಕಿತ್ತು ಬರುತ್ತದೆ. ಕಿಟಕಿಯ ಬೆಳಕಿನಲ್ಲಿ ಉದ್ದುದ್ದ ಪಟ್ಟೆಗಳು ಒಂದು ಮಿನುಗಿ ಒಂದು ಮಂಕಾಗಿ ಕಾಣುತ್ತವೆ, ರೇಷ್ಮೆ ಸೀರೆಯ ಮಡಿಕೆಗಳ ಹಾಗೆ. ಪಾಲಿಶ್ ಮಾಡುವವರು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಮೂಲೆಯನ್ನು ಒರೆಸಿದಾಗ ಬಟ್ಟೆ ನೇರಳೆ ಹಣ್ಣು ತಿಂದ ನಾಲಗೆಯಂತಾಯಿತು. ಹಿಂದೆ ಯಾರೋ ಬಣ್ಣ ಹಚ್ಚಿದ್ದಾರೆ, ಎಲ್ಲವನ್ನೂ ತೆಗೆಯಬೇಕು ಎಂಬುದು ಅವರ ಅಭಿಪ್ರಾಯ.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು: ಈ ಮರಗಳನ್ನು ಮನೆಯಲ್ಲಿಯೇ ಒಂದು ಮಟ್ಟಕ್ಕೆ ಗುರುತಿಸುವ ಬಗೆ ಇದೆಯೇ? ಮಣೆಯ ಪಟ್ಟೆಗಳು ಮರದ ಹುಟ್ಟುಗುಣವೋ, ಹಚ್ಚಿದ ಬಣ್ಣವೋ? ಮೂರಕ್ಕೂ ಒಂದೇ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿಬಿಡಿ ಎನ್ನುತ್ತಿದ್ದಾರೆ, ಒಪ್ಪಬಹುದೇ?

ಉಳಿಪೆಟ್ಟು:

ಮೂವರು ಮೂರು ಹೆಸರು ಹೇಳಿದರೆಂದು ಅವರ ಮೇಲೆ ಬೇಸರಪಡಬೇಡಿ. ಎರಡು ಮೂರು ತಲೆಮಾರು ಒಲೆಯ ಹೊಗೆ ಕುಡಿದ ಹಲಗೆಯ ಮೇಲ್ಮೈಯನ್ನಷ್ಟೇ ನೋಡಿದರೆ ಎಲ್ಲ ಮರವೂ ಒಂದೇ ಕಪ್ಪು. ಬಣ್ಣವನ್ನು ಬಿಟ್ಟು ತುದಿಯನ್ನು ನೋಡಬೇಕು. ಹಲಗೆಯ ತುದಿಯಲ್ಲಿ, ನಾರಿಗೆ ಅಡ್ಡಲಾಗಿ, ಹೆಬ್ಬೆರಳಗಲದ ಜಾಗವನ್ನು ಹೊಸ ಬ್ಲೇಡಿನಿಂದ ತೆಳ್ಳಗೆ ಹೆರೆದು, ಒದ್ದೆ ಬೆರಳಿನಿಂದ ಒಮ್ಮೆ ಸವರಿ, ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿಯಿರಿ. ತೇಗವಾದರೆ ಪ್ರತಿ ವರ್ಷದ ಬಳೆ ಆರಂಭವಾಗುವಲ್ಲಿ ದೊಡ್ಡ ರಂಧ್ರಗಳು ಸಾಲುಗಟ್ಟಿ ನಿಂತಿರುತ್ತವೆ. ಬೀಟೆಯಲ್ಲಿ ಆ ಸಾಲು ಇರುವುದಿಲ್ಲ. ರಂಧ್ರಗಳು ರಾಗಿ ಚೆಲ್ಲಿದಂತೆ ಹರಡಿಕೊಂಡಿರುತ್ತವೆ. ಮೂಗನ್ನೂ ಬಳಸಿ: ಹೊಸದಾಗಿ ಹೆರೆದ ತೇಗಕ್ಕೆ ಹಳೆಯ ತೊಗಲಿನ ವಾಸನೆ ಇರುತ್ತದೆ, ಮುಟ್ಟಿದರೆ ಜಿಡ್ಡು ಜಿಡ್ಡು, ಬೀಟೆಯದು ಸಿಹಿಯಾದ ಕಂಪು.

ಮಣೆಯ ಅಳತೆಯನ್ನು ಕೊಟ್ಟಿರುವುದರಿಂದ ಇನ್ನೊಂದು ಸುಲಭದ ದಾರಿಯೂ ಇದೆ. ಒಣಗಿದ ತೇಗ ಘನಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ ಸುಮಾರು 850 ಕಿಲೋ ತೂಗುತ್ತದೆ. ನಿಮ್ಮ ಮಣೆ ಒಂದೂಕಾಲು ಘನ ಅಡಿಯಾಗುತ್ತದೆ. ತೇಗವಾಗಿದ್ದರೆ 23 ಕಿಲೋ ಆಸುಪಾಸು, ಬೀಟೆಯಾಗಿದ್ದರೆ 30 ಕಿಲೋ ಆಸುಪಾಸು ಬರಬೇಕು. ಒಂದು ಮರದಿಂದ ಇನ್ನೊಂದು ಮರಕ್ಕೆ ತೂಕ ಹೆಚ್ಚುಕಡಿಮೆಯಾಗುವುದು ಸಹಜವಾದರೂ, ಏಳು ಕಿಲೋ ವ್ಯತ್ಯಾಸ ಮನೆಯ ತಕ್ಕಡಿಯಲ್ಲಿಯೇ ತಿಳಿಯುತ್ತದೆ.

ಅಟ್ಟದ ಹಲಗೆಗಳು ಹೊನ್ನೆಯೇ ಎಂದು ತಿಳಿಯಲು ಒಂದು ಹಿಡಿ ಹೆರೆಯನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಹೊನ್ನೆಯ ಚೇಗಿನ, ಅಂದರೆ ಒಳಗಿನ ಗಟ್ಟಿ ಮರದ, ಬಣ್ಣ ನೀರಿನಲ್ಲಿ ಕರಗುತ್ತದೆ. ಬೆಳಿಗ್ಗೆ ನೀರು ಜೇನಿನ ಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿಯ ಛಾಯೆ ಮಿನುಗುತ್ತದೆ. ಮತ್ತಿಯ ನೀರು ಹಾಗೆ ಮಿನುಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಮರದ ಲೋಟ ಈ ಹೊನ್ನೆಯದೇ. ಅದು ಮದ್ದೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಇಷ್ಟರ ಮೇಲೂ ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡನ್ನು ಪರೀಕ್ಷಿಸಿ ಹೆಸರು ಹೇಳುತ್ತಾರೆ.

ಇನ್ನು ಪಟ್ಟೆಗಳ ವಿಷಯ. ಮಣೆಯನ್ನು ಅದೇ ಕಿಟಕಿಯ ಮುಂದೆ, ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿಡಿ. ಮಿನುಗುತ್ತಿದ್ದ ಪಟ್ಟೆ ಮಂಕಾಗಿ, ಮಂಕಾಗಿದ್ದದ್ದು ಮಿನುಗಿದರೆ ಅದು ಬಣ್ಣವಲ್ಲ, ನಾರಿನ ಓಟ. ಬಣ್ಣದ ಗೆರೆಯಾದರೆ ಎತ್ತ ತಿರುಗಿಸಿದರೂ ಕಪ್ಪು ಕಪ್ಪಾಗಿಯೇ ಇರುತ್ತದೆ. ಬೀಟೆ, ಮತ್ತಿ, ಹೊನ್ನೆಯಂಥ ಮರಗಳಲ್ಲಿ ನಾರು ಕಾಂಡವನ್ನು ನೆಟ್ಟಗೆ ಏರದೆ, ಕೆಲವು ವರ್ಷ ಬಲಕ್ಕೆ ಓಲಿ, ಮತ್ತೆ ಕೆಲವು ವರ್ಷ ಎಡಕ್ಕೆ ಓಲಿ, ಪದರದ ಮೇಲೆ ಪದರವಾಗಿ ಹೆಣೆದುಕೊಳ್ಳುವುದುಂಟು. ಅಂಥ ದಿಮ್ಮಿಯನ್ನು ನಡುವಿನಿಂದ ತೊಗಟೆಯ ಕಡೆಗೆ ಸೀಳಿದಾಗ ಒಂದು ಪಟ್ಟೆಯಲ್ಲಿ ನಾರಿನ ತುದಿ ನಮ್ಮತ್ತ ಬಾಗಿರುತ್ತದೆ, ಪಕ್ಕದ ಪಟ್ಟೆಯಲ್ಲಿ ಅತ್ತ ಬಾಗಿರುತ್ತದೆ. ಬೆಳಕು ಒಂದರಿಂದ ಕಣ್ಣಿಗೆ ಮರಳುತ್ತದೆ, ಇನ್ನೊಂದರಿಂದ ಬೇರೆಡೆಗೆ ಹೋಗುತ್ತದೆ. ವೈಡೂರ್ಯದ ಹರಳಿನಲ್ಲಿ ಗೆರೆ ಓಡಾಡುವುದೂ ಇಂಥದೇ ಕಾರಣದಿಂದ. ನಿಮ್ಮ ಹತ್ತರಿ ಒಂದೆಡೆ ನುಣ್ಣಗೆ ಓಡಿ ಇನ್ನೊಂದೆಡೆ ಕಿತ್ತದ್ದಕ್ಕೂ ಉತ್ತರ ಇದೇ: ಒಂದು ಪಟ್ಟೆಗೆ ನೀವು ಹೋದದ್ದು ನಾರಿನ ಜೊತೆಗೆ, ಮಗ್ಗುಲಿನದಕ್ಕೆ ನಾರಿನ ಎದುರಿಗೆ.

ಅದೇ ದಿಮ್ಮಿಯನ್ನು ಹೊರಬದಿಯಿಂದ ಒಂದರ ಹಿಂದೊಂದು ಹಲಗೆಯಾಗಿ ಸೀಳಿದ್ದರೆ ಈ ಪಟ್ಟೆಗಳು ಕಾಣದೆ, ಗೋಪುರದಂತೆ ಒಂದರೊಳಗೊಂದು ಕಮಾನುಗಳು ಕಾಣುತ್ತಿದ್ದವು. ಆದ್ದರಿಂದ ಮರ ಕೊಳ್ಳುವಾಗ ‘ಒಳ್ಳೆಯ ಗ್ರೇನ್ಸ್ ಇರುವ ಜಾತಿ’ ಎಂದು ಕೇಳುವವರಿಗೆ ನಾನು ಹೇಳುವುದು, ಜಾತಿಯಷ್ಟೇ ಗರಗಸದ ದಿಕ್ಕನ್ನೂ ಕೇಳಿ ಎಂದು. ಕೊಡಗಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕನ್ನು ಅಗ್ಗದ ಮರವೆಂದು ಪೆಟ್ಟಿಗೆಗೆ ಬಳಸುತ್ತಾರೆ. ನಡುವಿನಿಂದ ತೊಗಟೆಯ ಕಡೆಗೆ ಸೀಳಿದ ಹಲಗೆಯಲ್ಲಿ ಅದರ ಅಗಲವಾದ ಅಡ್ಡಕಿರಣಗಳು (ನಡುವಿನಿಂದ ತೊಗಟೆಯತ್ತ ಹರಡುವ ಪಟ್ಟಿಗಳು) ಕಸೂತಿಯ ಹಾಗೆ ಮೇಲೆದ್ದು ಬರುತ್ತವೆ. ಸೀಳುವ ದಿಕ್ಕಿಗೆ ಇನ್ನೊಂದು ಫಲವೂ ಇದೆ. ಒಣಗುವಾಗ ಮರ ಬಳೆಯ ಸುತ್ತಿನಲ್ಲಿ ಕುಗ್ಗುವುದು ನಡುವಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಕಮಾನಿನ ಹಲಗೆಗಳು ಬಟ್ಟಲಿನಂತೆ ಬಾಗಲು, ಪಟ್ಟೆಯ ಹಲಗೆಗಳು ನೆಟ್ಟಗಿರಲು ಅದೇ ಕಾರಣ.

ಮಣೆಗೆ ಇನ್ನು ಹತ್ತರಿ ಬೇಡ. ಒಡೆದ ಗಾಜಿನ ನೇರ ಅಂಚಿನಿಂದ, ಸಿಕ್ಕರೆ ಉಕ್ಕಿನ ತೆಳು ತಗಡಿನಿಂದ, ಹಗುರವಾಗಿ ಹೆರೆಯಿಸಿ. ಬೀಟೆಯನ್ನು ಉಪ್ಪುಕಾಗದದಿಂದ ಉಜ್ಜಿದರೆ ಕಪ್ಪು ಪುಡಿ ಬಿಳಿ ಪಟ್ಟಿಯ ರಂಧ್ರಗಳಲ್ಲಿ ತುಂಬಿಕೊಂಡು ಕೊಳಕಾಗುತ್ತದೆ, ಆಮೇಲೆ ಹೋಗುವುದಿಲ್ಲ.

ಮಂಡಿ ಮೊಹಲ್ಲಾ:

ಮೇಲಿನವರು ಹೇಳಿದ್ದು ಸರಿಯಾಗಿದೆ. ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಬೀಟೆಯ ಇನ್‌ಲೇ ಕೆಲಸ, ಅಂದರೆ ಬೀಟೆಯಲ್ಲಿ ಬೇರೆ ಬಣ್ಣದ ತುಂಡುಗಳನ್ನು ಕೂರಿಸುವ ಕುಸುರಿ, ನಡೆದಿದೆ, ಹೀಗಾಗಿ ಪಾಲಿಶ್ ಬಗ್ಗೆ ಎರಡು ಮಾತು.

ನೇರಳೆ ಬಣ್ಣ ಯಾರೂ ಹಚ್ಚಿದ್ದಲ್ಲ, ಅದು ಬೀಟೆಯ ಒಡಲಿನದು. ಸ್ಪಿರಿಟ್ ತಗುಲಿದರೆ ಅದು ಕರಗಿ ಹೊರಬರುತ್ತದೆ. ದಯವಿಟ್ಟು ‘ಬಣ್ಣ ಹೋಗುವವರೆಗೆ’ ಒರೆಸಲು ಯಾರಿಗೂ ಬಿಡಬೇಡಿ, ಅದು ಮುಗಿಯುವುದಿಲ್ಲ. ನಿಮ್ಮ ಮಣೆಯಲ್ಲಿ ಬಿಳಿ ಪಟ್ಟಿ ಇರುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಫ್ರೆಂಚ್ ಪಾಲಿಶ್ ಎಂದರೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ್ದು ತಾನೇ? ಬಟ್ಟೆಯ ಉಂಡೆಯನ್ನು ತೊಯ್ಯುವಷ್ಟು ಅದ್ದಿ ಬೀಟೆಯಿಂದ ಬಿಳಿಯ ಕಡೆಗೆ ಎಳೆದರೆ, ಬಿಳಿ ಪಟ್ಟಿ ಆ ಕ್ಷಣದಲ್ಲೇ ನಸುಗೆಂಪಾಗಿ ಕೂರುತ್ತದೆ. ನಮ್ಮಲ್ಲಿ ಮೊದಲು ಚಿಕ್ಕ ಕುಂಚದಿಂದ ಬಿಳಿ ಮರದ ಮೇಲೆ ಮಾತ್ರ ಎರಡು ಸಲ ತೆಳುವಾದ ಅರಗನ್ನು ಎಳೆದು ಒಣಗಿಸುತ್ತೇವೆ. ಆಮೇಲೆ ಇಡೀ ಹಲಗೆಯ ಮೇಲೆ, ಪಟ್ಟಿಯ ಉದ್ದಕ್ಕೇ ಕೈ ಆಡಿಸುತ್ತ, ಬಹುತೇಕ ಒಣಗಿದ ಉಂಡೆಯಿಂದ ಮೊದಲ ಕೆಲವು ಕೋಟುಗಳನ್ನು ಹಚ್ಚುತ್ತೇವೆ. ಬೀಟೆಯ ಮೇಲೆ ಅರಗಿನ ತೆಳು ಪದರ ಕೂತ ಮೇಲೆ ಬಣ್ಣ ಸುಲಭವಾಗಿ ಹೊರಬರುವುದಿಲ್ಲ. ಅರಮನೆಯ ಅಂಬಾವಿಲಾಸದ ಬೀಟೆ ಕದಗಳಲ್ಲಿ ದಂತದ ಕುಸುರಿ ಕಪ್ಪಿನ ಮೇಲೆ ಬೆಳ್ಳಗೆ ಎದ್ದು ಕಾಣುವುದನ್ನು ನೀವು ನೋಡಿರಬಹುದು. ಬಿಳಿ ಮಾಸಿದರೆ ಇನ್‌ಲೇ ಕೆಲಸಕ್ಕೆ ಅರ್ಥವೇ ಇಲ್ಲ.

ಕದ ಒಣಗದಿರುವುದಕ್ಕೆ ನನ್ನ ಊಹೆ ಬೇರೆ. ಹಬ್ಬದ ದಿನ ಆ ಕದಕ್ಕೆ ನಿಮ್ಮ ಅಜ್ಜಿ ಏನು ಹಚ್ಚುತ್ತಿದ್ದರು ಎಂಬುದನ್ನು ಮನೆಯ ಹಿರಿಯರಲ್ಲಿ ಕೇಳಿ ನೋಡಿ.

ಪಾಂಡವಪುರದ ಮೊಮ್ಮಗ:

ನಿಮ್ಮ ಪ್ರಶ್ನೆಯನ್ನು ನಮ್ಮ ಸೋದರತ್ತೆಗೆ ಫೋನ್ ಮಾಡಿ ಕೇಳಿದೆ. ಪ್ರತಿ ಯುಗಾದಿಗೂ, ದೀಪಾವಳಿಗೂ ಕದವನ್ನು ಸೀಗೆಪುಡಿಯಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಹರಳೆಣ್ಣೆ ಸವರುತ್ತಿದ್ದರಂತೆ. ‘ಎಣ್ಣೆ ಕಾಣದ ಕದ ಸೀಳುತ್ತದೆ ಕಣಪ್ಪ’ ಎಂದರು ಅತ್ತೆ.

ಉಳಿಪೆಟ್ಟು ಅವರು ಹೇಳಿದ ಪರೀಕ್ಷೆಗಳನ್ನೂ ಮಾಡಿದೆ. ಮಣೆ 31 ಕಿಲೋ ತೂಗಿತು. ತಿರುಗಿಸಿಟ್ಟಾಗ ಪಟ್ಟೆಗಳು ಅದಲುಬದಲಾದವು, ಮಗಳು ಅದನ್ನು ನಾಲ್ಕು ಸಲ ತಿರುಗಿಸಿ ನೋಡಿದಳು. ಕದದ ತುದಿಯಲ್ಲಿ ರಂಧ್ರಗಳ ಸಾಲು ಸ್ಪಷ್ಟವಾಗಿದೆ. ಲೋಟದ ನೀರು ಬೆಳಿಗ್ಗೆಗೆ ಜೇನಿನ ಬಣ್ಣವಾಗಿತ್ತು, ಅಂಚಿನ ನೀಲಿಯೂ ಕಂಡಿತು. ಅಲ್ಲಿಗೆ ಮೈಸೂರಿನ ಆಚಾರಿಯವರು ಹೇಳಿದ್ದೇ ನಿಜವಾಯಿತು. ಆದರೆ ಹೊನ್ನೆಯ ಹಲಗೆಗಳಲ್ಲಿ ಮೊಳೆ ಹೊಡೆದಲ್ಲೆಲ್ಲ ಕಾಸಿನಗಲದ ಕಪ್ಪು ಕಲೆಗಳಿವೆ. ಎಷ್ಟು ಉಜ್ಜಿದರೂ ಅವು ಆಳಕ್ಕೇ ಇಳಿದಿವೆ. ಇದು ಕೊಳೆತವೇ?

ಮಂಡಿ ಮೊಹಲ್ಲಾ:

ನಾನು ಅಂದುಕೊಂಡದ್ದೇ ಆಯಿತು. ಅಗಸೆ ಎಣ್ಣೆ ಗಾಳಿಗೆ ಒಡ್ಡಿದರೆ ತಾನಾಗಿ ಗಟ್ಟಿಯಾಗುತ್ತದೆ. ಹರಳೆಣ್ಣೆ, ಕೊಬ್ಬರಿ ಎಣ್ಣೆಗಳಿಗೆ ಆ ಗುಣವಿಲ್ಲ, ಎಷ್ಟು ವರ್ಷ ಕಳೆದರೂ ಎಣ್ಣೆಯಾಗಿಯೇ ಉಳಿಯುತ್ತವೆ. ಬರಿಯ ಮರವಾಗಿದ್ದಾಗ ಕದಕ್ಕೆ ಅದು ಒಳ್ಳೆಯದನ್ನೇ ಮಾಡಿತ್ತು, ಅತ್ತೆಯವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಮೇಲೆ ವಾರ್ನಿಷ್ ಹೊಡೆದಾಗ ಬಿಸಿಲಿಗೆ ಎಣ್ಣೆ ಮೇಲಕ್ಕೆ ಬಂದು ವಾರ್ನಿಷಿನೊಳಗೆ ಬೆರೆತು, ಅದನ್ನು ಗಟ್ಟಿಯಾಗಲು ಬಿಟ್ಟಿಲ್ಲ. ತೇಗದ ಸ್ವಂತ ಜಿಡ್ಡು ಕೂಡ ಸ್ವಲ್ಪ ಸೇರಿರಬಹುದು.

ಆ ಎರಡು ಕೋಟನ್ನು ಪೂರ್ತಿ ಹೆರೆದು ತೆಗೆಯಲೇಬೇಕು; ಮೇಲೆ ಮತ್ತೊಂದು ಕೋಟು ಹೊಡೆದು ಮುಚ್ಚುವ ಆಸೆ ಬೇಡ. ಬಳಿಕ ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ, ಎರಡು ದಿನ ಬಿಟ್ಟು ಎಣ್ಣೆ ಮೇಲೆದ್ದಿದೆಯೇ ನೋಡಿ ಇನ್ನೊಮ್ಮೆ ಒರೆಸಿ. ಬಟ್ಟೆಯಲ್ಲಿ ಜಿಡ್ಡು ಕಾಣದ ದಿನ ತೆಳುವಾದ ಅರಗಿನ ಎರಡು ಕೋಟು ಕೊಡಿ. ಎಣ್ಣೆಗೂ ಮೇಲಿನ ಪಾಲಿಶಿಗೂ ನಡುವೆ ಬೇಲಿಯಂತೆ ನಿಲ್ಲುವ ಗುಣ ಅರಗಿನಷ್ಟು ಬೇರೆ ಯಾವುದಕ್ಕೂ ಇಲ್ಲವೆಂದು ನನ್ನ ಅನುಭವ. ಅಂದ ಹಾಗೆ, ಚುನಾವಣೆಯ ಶಾಯಿಗೆ ಹೆಸರಾದ ನಮ್ಮೂರಿನ ಕಾರ್ಖಾನೆ 1937ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲಿದ್ದದ್ದು ಶಾಯಿಯಲ್ಲ, ಅರಗು ಮತ್ತು ಬಣ್ಣ.

ದೇವರ ಕೋಣೆಯ ಕದಕ್ಕೆ ಅರಗಿನ ಪಾಲಿಶೇ ಸಾಕು. ಈ ಕೆಲಸವನ್ನು ಮಳೆ ಹಿಡಿಯುವ ಮೊದಲು ಮುಗಿಸಿ. ಗಾಳಿಯಲ್ಲಿ ತೇವ ಹೆಚ್ಚಿದ ದಿನ ಫ್ರೆಂಚ್ ಪಾಲಿಶ್ ಮಾಡಿದರೆ ಮೇಲೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ.

ಕಾವೇರಿ ದಂಡೆ:

ಮೇಜಿನ ವಿಷಯದಲ್ಲಿ ಮಾತ್ರ ನಾನು ಬೇರೆ ದಾರಿ ಹೇಳುತ್ತೇನೆ. ನಾನು ಶ್ರೀರಂಗಪಟ್ಟಣದಲ್ಲಿ ಹಳೆಯ ಮರದಿಂದ ಪೀಠೋಪಕರಣ ಮಾಡಿಸುವವಳು, ಹೊನ್ನೆಯ ಕೈಯಲ್ಲಿ ಪೆಟ್ಟು ತಿಂದವಳು.

ಕಪ್ಪು ಕಲೆ ಕೊಳೆತವಲ್ಲ. ಹೊನ್ನೆಯಲ್ಲಿ ಒಗರು ಬಹಳ. ಒಗರೂ ಕಬ್ಬಿಣವೂ ತೇವವೂ ಕೂಡಿದರೆ ಕರಿ ಶಾಯಿಯೇ ಹುಟ್ಟುತ್ತದೆ. ಮೊದಲು ಅಯಸ್ಕಾಂತವನ್ನು ಓಡಿಸಿ, ಮುರಿದು ಒಳಗುಳಿದ ಮೊಳೆಗಳನ್ನೆಲ್ಲ ತೆಗೆಸಿ. ಇಲ್ಲವಾದರೆ ಗರಗಸದ ಹಲ್ಲೂ ಹೋಗುತ್ತದೆ, ಕಲೆಯೂ ಮತ್ತೆ ಬರುತ್ತದೆ. ಆಕ್ಸಾಲಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿದರೆ ಕಪ್ಪು ಬಹುಪಾಲು ಬಿಡುತ್ತದೆ. ಅದು ವಿಷ, ಕೈಗವಸು ಬೇಕು, ಮಕ್ಕಳನ್ನು ದೂರವಿಡಬೇಕು, ಕೊನೆಗೆ ಚೆನ್ನಾಗಿ ತೊಳೆಯಬೇಕು. ಆದರೆ ನಾನು ಪೆಟ್ಟು ತಿಂದದ್ದು ಇಲ್ಲಿಯೇ: ಕಲೆಯ ಮೇಲಷ್ಟೇ ಹಚ್ಚಿ ತೊಳೆದೆ, ಹೊನ್ನೆಯ ಬಣ್ಣ ನೀರಿನ ಜೊತೆ ಹರಿದು ತೊಳೆದ ಜಾಗದ ಸುತ್ತ ಹಳದಿ ಅಂಚು ಕಟ್ಟಿತು, ಮೇಜು ತೇಪೆ ಹಾಕಿದ ರುಮಾಲಿನಂತಾಯಿತು. ಹಚ್ಚಿದರೆ ಇಡೀ ಹಲಗೆಗೆ ಹಚ್ಚಿ, ಇಡೀ ಹಲಗೆಯನ್ನೇ ತೊಳೆಯಿರಿ. ಒಂದೆರಡು ಕಲೆಗಳನ್ನು ಹಾಗೆಯೇ ಬಿಟ್ಟರೂ ನಷ್ಟವಿಲ್ಲ. ಅಟ್ಟದ ಮೊಳೆಯ ಗುರುತು ಅಟ್ಟದ ಹಲಗೆಗೆ ಅವಮಾನವಲ್ಲ.

ಊಟದ ಮೇಜಿಗೆ ಅರಗು ಬೇಡ. ಬಿಸಿ ಸಾರಿನ ಪಾತ್ರೆ ಇಟ್ಟರೆ ಅರಗು ಮೆತ್ತಗಾಗಿ ಬಿಳಿಯ ಬಳೆ ಉಳಿಯುತ್ತದೆ. ನೀರು ಒಳಗಿಳಿದರೆ ಹೊನ್ನೆ ಹಳದಿ ಕಾರುತ್ತದೆ, ಮೇಜುಬಟ್ಟೆಗೂ ಕಲೆಯಾಗುತ್ತದೆ. ಇಲ್ಲಿ ಎರಡು ದ್ರವ ಬೆರೆಸಿ ಹೊಡೆಯುವ ಪಿಯು ಸರಿಯಾದ ಆಯ್ಕೆ, ಮ್ಯಾಟ್ ಆಗಿರಲಿ, ಮೇಲೆ ಎಷ್ಟೋ ಕೆಳಗೂ ಅಷ್ಟೇ ಕೋಟು ಬೀಳಲಿ. ಮೇಲ್ಮುಖಕ್ಕೆ ಮಾತ್ರ ಹೊಡೆದರೆ ಎರಡು ಮುಖಗಳೂ ತೇವವನ್ನು ಬೇರೆ ಬೇರೆ ವೇಗದಲ್ಲಿ ಕುಡಿದು ಹಲಗೆ ಬಾಗುತ್ತದೆ. ಕೆಳಗೆ ಚೌಕಟ್ಟಿಗೆ ಬಿಗಿಯುವ ಸ್ಕ್ರೂಗಳಿಗೆ ದುಂಡು ತೂತಿನ ಬದಲು ಉದ್ದನೆಯ ತೂತು ಕೊರೆಸಿ. ಮೈಸೂರಿನ ಮಾರ್ಚ್ ತಿಂಗಳಿಗೂ ಜುಲೈ ತಿಂಗಳಿಗೂ ನಡುವೆ ಹಲಗೆ ಅಗಲದಲ್ಲಿ ಆಡುತ್ತದೆ, ಯಾವ ಪಾಲಿಶೂ ಅದನ್ನು ಪೂರ್ತಿ ತಡೆಯಲಾರದು. ಪಿಯು ಕೆಳಗೆ ಅರಗು ಕೊಡುವುದಾದರೆ ಮೇಣ ತೆಗೆದ ಅರಗನ್ನೇ ಕೇಳಿ ತನ್ನಿ. ಮಾಮೂಲಿ ಅರಗಿನ ಮೇಣದ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ.

ಉಳಿಪೆಟ್ಟು:

ಮೇಜಿಗೆ ಪಿಯು ಎಂಬುದನ್ನು ಒಲ್ಲದ ಮನಸ್ಸಿನಿಂದ ಒಪ್ಪುತ್ತೇನೆ. ಮಣೆಗೆ ಮಾತ್ರ ಬೇಡವೇ ಬೇಡ. ದಪ್ಪ ಪಿಯು ಹೊಡೆದ ಬೀಟೆಯನ್ನು ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗಿರುತ್ತದೆ. ಸರಪಳಿ ತಗುಲಿ ಗೀರು ಬಿದ್ದರೆ ಆ ಜಾಗವನ್ನಷ್ಟೇ ಸರಿಮಾಡಲೂ ಬರುವುದಿಲ್ಲ. ಅರಗಾದರೆ ಹತ್ತು ವರ್ಷದ ಮೇಲೆ ಬಟ್ಟೆಯ ಉಂಡೆಯಿಂದ ಮತ್ತೆರಡು ಕೈ ಸವರಿದರೆ ಹಳೆಯ ಪದರವೇ ಕರಗಿ ಹೊಸದರೊಡನೆ ಒಂದಾಗುತ್ತದೆ. ಪಟ್ಟೆಗಳ ಮಿನುಗು ಬೇಕೆಂದರೆ ‘ವಾಲ್‌ನಟ್’, ‘ಮಹಾಗನಿ’ ಎಂಬ ಬಣ್ಣದ ಡಬ್ಬಿಗಳನ್ನು ಹತ್ತಿರವೂ ಸೇರಿಸಬೇಡಿ, ಅವು ಬೆಳಕನ್ನು ನುಂಗಿ ಎಲ್ಲ ಪಟ್ಟೆಯನ್ನೂ ಒಂದೇ ಕಂದು ಮಾಡುತ್ತವೆ. ಉಯ್ಯಾಲೆಯನ್ನು ನೇರ ಬಿಸಿಲು ಬೀಳುವ ಕಿಟಕಿಯಿಂದ ದೂರ ತೂಗಿಹಾಕಿ. ಬಿಸಿಲಿಗೆ ಬೀಟೆಯ ನೇರಳೆ ಮಾಸಿ ಬರಿಯ ಕಂದಾಗುತ್ತದೆ.

ಕದವನ್ನಾಗಲಿ ಮಣೆಯ ತಳಭಾಗವನ್ನಾಗಲಿ ಅಗಸೆ ಎಣ್ಣೆಯಿಂದ ಒರೆಸುವುದಾದರೆ ಒಂದು ಎಚ್ಚರ. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೇ ಸಿಕ್ಕಿಕೊಂಡು, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವುದುಂಟು. ಒಂದೊಂದನ್ನೂ ಬಿಡಿಸಿ ಹಿತ್ತಲಿನ ತಂತಿಯ ಮೇಲೆ ಹರವಿ, ಪೂರ್ತಿ ಗಟ್ಟಿಯಾದ ಮೇಲೆ ಎಸೆಯಿರಿ.

ಪಾಂಡವಪುರದ ಮೊಮ್ಮಗ:

ಎಲ್ಲರಿಗೂ ವಂದನೆಗಳು. ಕದದ ವಾರ್ನಿಷನ್ನು ಇಂದು ಬೆಳಿಗ್ಗೆಯಿಂದ ಹೆರೆಯಿಸುತ್ತಿದ್ದೇನೆ. ಟರ್ಪಂಟೈನ್ ಬಟ್ಟೆಗಳು ಈಗಾಗಲೇ ಒಂಬತ್ತಾಗಿವೆ, ಒಂಬತ್ತನೆಯದರಲ್ಲಿಯೂ ಹರಳೆಣ್ಣೆಯ ಜಿಡ್ಡು ಇದೆ. ಮಣೆಯ ಬಿಳಿ ಪಟ್ಟಿಗೆ ಕುಂಚದಿಂದ ಅರಗು ಎಳೆಯುವ ಕೆಲಸವನ್ನು ಮಗಳು ತನಗೇ ಬಿಡಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಕೈ ನನ್ನದಕ್ಕಿಂತ ನಡುಗುವುದು ಕಡಿಮೆ, ಒಪ್ಪಿದ್ದೇನೆ.